ಒಂದೇ ಎಳೆಯ ಗುಂಡಿ

ಚಳಿಗಾಲದ ಬೆಳಗು, ಬಿಸಿಲು ಈಗಷ್ಟೇ ಆಸ್ಪತ್ರೆಯ ಕಿಟಕಿ ಹತ್ತಿದೆ, ಪಕ್ಕದ ಕುರ್ಚಿಯ ಲಾರಿ ಡ್ರೈವರ್ ಅಂಗಿಯಲ್ಲಿ ಒಂದು ಗುಂಡಿ ಒಂದೇ ಎಳೆಯ ಮೇಲೆ ತೂಗಾಡ್ತಿದೆ, ಅವನು ಉಸಿರೆಳೆದರೆ ಏರುತ್ತೆ, ಬಿಟ್ಟರೆ ಇಳಿಯುತ್ತೆ, ಈಗ ಬಿದ್ದೀತು ಆಗ ಬಿದ್ದೀತು ಅಂತ ನನ್ನ ಕಣ್ಣು ಅಲ್ಲೇ — ಹೊಲಿಯೋರ ಕಣ್ಣು, ಏನು ಮಾಡೋದು — ನನ್ನ ಕೈಗೂ ಒಂದು ಎಳೆ, ಪ್ಲಾಸ್ಟಿಕ್ಕಿನದು, ಗಡ್ಡೆ ಕರಗಿಸೋ ಕೀಮೋ ಅಂತೆ, ಕೆಂಪಗೆ ಹನಿ ಹನಿ ಇಳೀತಿದೆ, ಅಜ್ಜಿ, ಮೂತ್ರವೂ ಕೆಂಪಗೆ ಹೋಗುತ್ತೆ, ರಕ್ತ ಅಂತ ಹೆದರಬೇಡಿ ಅಂದಿದ್ದಳು ನರ್ಸು, ಕೂದಲು ಉದುರುತ್ತೆ, ಮತ್ತೆ ಬರುತ್ತೆ, ಜ್ವರ ಬಂದರೆ ಮಾತ್ರ ಬೆಳಗಾಗಲಿ ಅಂತ ಕಾಯದೆ ಬಂದುಬಿಡಿ, ಸೂಜಿ ಜಾಗ ಉರಿದರೆ ತಕ್ಷಣ ಹೇಳಿ — ಎಲ್ಲದಕ್ಕೂ ತಲೆಯಾಡಿಸಿದ್ದೆ, ಅತ್ತೆ, ಕೇಳಿಸಿಕೊಂಡ್ರಾ ಅಂದಳು ಸೊಸೆ, ಕೇಳಿಸಿಕೊಂಡೆ ತಾಯಿ, ಕಿವಿ ಇನ್ನೂ ನೆಟ್ಟಗಿದೆ — ಈಗ ಉರೀತಿದೆ, ಮಣಿಕಟ್ಟಿನ ಮೇಲೆ ಕೆಂಡ ಇಟ್ಟ ಹಾಗೆ, ಸೊಸೆ ನೀರು ತರೋಕೆ ಹೋಗಿದ್ದಾಳೆ, ಬಾಯಿ ಬಿಡ್ತಿಲ್ಲ ನಾನು, ಬಾಯಿ ಬಿಡೋದು ಎಲ್ಲಿ ಕಲಿತಿದ್ದೆ, ಅಪ್ಪನ ಹೊಲಿಗೆ ಅಂಗಡಿ, ತೊಡೆ ಮೇಲೆ ಬಿಳಿ ಬಟ್ಟೆ, ಸೂಜಿ ಬೆರಳಿಗೆ ಚುಚ್ಚಿತೋ, ಮೊದಲು ಬಟ್ಟೆ ಸರಿಸು, ಆಮೇಲೆ ಬೆರಳು ಬಾಯಿಗೆ, ಕೂಗಿದರೆ ಕೈ ಅಲುಗುತ್ತೆ, ಅಲುಗಿದರೆ ಬಟ್ಟೆಗೆ ರಕ್ತದ ಕಲೆ ಮಗಳೇ — ಅಪ್ಪ ಹೋಗಿ ಎಷ್ಟು ಕಾಲವಾಯಿತು, ಮಾತು ಮಾತ್ರ ಈ ಕೈಯಲ್ಲೇ ಕೂತಿದೆ, ಬಲಗೈ ಇದು, ನರ ಚೆನ್ನಾಗಿದೆ ಅಂತ ನಾನೇ ಚಾಚಿದ್ದು, ಇದು ಹೋದರೆ ಸೂಜಿ ಹಿಡಿಯೋದು ಯಾವುದರಲ್ಲಿ — ಗುಂಡಿ ಏರಿತು, ಇಳಿಯಿತು —

ಅಜ್ಜೀ, ಏನು ತುಟಿ ಕಚ್ಚಿಕೊಂಡು ಕೂತಿದ್ದೀರಿ, ಹೊಸ ಮದುಮಗಳ ಹಾಗೆ, ಅಂದ ಡ್ರೈವರ್. ಏನಿಲ್ಲಪ್ಪ. ಏನಿಲ್ಲ ಅಂದೋರ ಗಾಡೀನೇ ನಡುದಾರಿಯಲ್ಲಿ ನಿಲ್ಲೋದು, ಇಂಜಿನ್ ಬಿಸಿಯಾದಾಗಲೇ ಹೇಳಬೇಕು, ಹೊಗೆ ಬಂದ ಮೇಲಲ್ಲ — ಉರೀತಿದೆ, ಅಂದೆ, ಯಾರ ದನಿ ಅದು, ನನ್ನದೇ, ಉರೀತಿದೆ ಸಿಸ್ಟರ್, ಉರೀತಿದೆ! ಓಡಿಬಂದಳು, ಹನಿ ನಿಲ್ಲಿಸಿದಳು, ಚರ್ಮದಡಿ ಸೋರಿದ್ದನ್ನು ಸಿರಿಂಜಿನಲ್ಲಿ ಹಿಂದಕ್ಕೆಳೆದಳು, ಮೇಲೆ ತಣ್ಣನೆಯ ಪಟ್ಟಿ, ಬೆರಳು ಮಡಿಸಿ ಅಂದರು ಡಾಕ್ಟರು, ಮಡಿಸಿದೆ, ಬಿಡಿಸಿದೆ, ಬೇಗ ಹೇಳಿದ್ರಿ ಅಜ್ಜಿ, ಕೈಗೇನೂ ಆಗಲಿಕ್ಕಿಲ್ಲ, ನಾಳೆ ಬಂದು ತೋರಿಸಿ — ಬೇಗವಂತೆ! — ಕೂಗಿಬಿಟ್ಟೆ ಅಪ್ಪ, ಯಾವ ಬಟ್ಟೆಗೂ ಕಲೆಯಾಗಲಿಲ್ಲ — ಈಗ ಎಡಗೈಯಲ್ಲಿ ಹನಿ, ಉರಿಯಿಲ್ಲ, ಡ್ರೈವರ್‌ದು ಇವತ್ತಿಗೆ ಕೊನೆಯ ಬಾಟಲಿಯಂತೆ, ಅವನ ಕೀಮೋ ಮುಗಿಯಿತು, ಎದ್ದ, ಟೋಪಿ ಸರಿಮಾಡಿಕೊಂಡ, ಆ ಗುಂಡಿ ಹೊಲಿದುಕೊಡಬೇಕಿತ್ತಪ್ಪ, ಈಗ ಬೇಡ ಅಜ್ಜಿ, ಮುಂದೆ ತಪಾಸಣೆಗೆ ಬರ್ತೀನಲ್ಲ, ಇದೇ ಅಂಗಿ ಹಾಕಿಕೊಂಡು ಬರ್ತೀನಿ, ಬಲಗೈಯಲ್ಲೇ ಹೊಲೀಬೇಕು, ಗೊತ್ತಾಯ್ತಾ ಅಂದ — ಇವತ್ತು ಗುರುವಾರ, ಬಿಸಿಲು ನೆತ್ತಿಗೆ ಬರೋ ಹೊತ್ತಿಗೆ ಅವನು ಹೋದ, ಬಾಗಿಲಲ್ಲಿ ತಿರುಗಿ ಕೈಯೆತ್ತಿದ, ಗುಂಡಿ ತೂಗಿತು, ಒಂದೇ ಎಳೆ, ಬೀಳಲಿಲ್ಲ, ಗುಂಡಿ —