ಏಣಿ ಹತ್ತಿದ ಅಕ್ಕ

ಹಿತ್ತಲಿನ ನೀರಿನ ಪಂಪನ್ನು ಯಾರೋ ಹಾಡುಹಗಲೇ ಬಿಚ್ಚಿಕೊಂಡು ಹೋದ ಮೇಲೆ, ಬೇಕರಿಯಲ್ಲಿ ಕೆಲಸ ಮಾಡುವ ತಮ್ಮನ ನೆಮ್ಮದಿ ಹಾರಿಹೋಯಿತು. ಪಂಪು ಹೋದದ್ದಕ್ಕಲ್ಲ, ಆ ಹೊತ್ತಿನಲ್ಲಿ ಮನೆಯಲ್ಲಿ ಅಕ್ಕ ಒಬ್ಬಳೇ ಇದ್ದಳು. ಕಣ್ಣಿನ ನರ ಸೊರಗಿ ಅವಳ ದೃಷ್ಟಿ ಪೂರ್ತಿ ಹೋಗಿ ಎರಡು ವರ್ಷವಾಗಿತ್ತು. ಸ್ಪ್ಯಾನರಿನ ಸದ್ದು ಕೇಳಿ ಪ್ಲಂಬರ್ ಬಂದಿದ್ದಾನೆಂದುಕೊಂಡ ಅವಳು, "ಸ್ವಲ್ಪ ನೀರು ಕುಡೀತೀಯೇನಪ್ಪಾ?" ಎಂದು ಕಿಟಕಿಯಿಂದಲೇ ಕಳ್ಳನನ್ನು ಉಪಚರಿಸಿದ್ದಳು. ನಗಬೇಕೋ ಅಳಬೇಕೋ ತಿಳಿಯದೆ ತಮ್ಮ ಕ್ಯಾಮೆರಾ ಕೂರಿಸುವವನನ್ನು ಕರೆತಂದ.

ಗೇಟಿಗೊಂದು, ಅಡುಗೆಮನೆಗೊಂದು, ಹಿತ್ತಲಿಗೊಂದು.

"ವೈರ್ ಎಳೆಯೋ ತಾಪತ್ರಯಾನೇ ಇಲ್ಲ ಸಾರ್, ಮನೆ ವೈಫೈ ಸಾಕು. ನೀವು ಎಲ್ಲೇ ಇರಿ, ಫೋನಲ್ಲಿ ಹೀಗೆ ಬೆರಳಾಡಿಸಿದ್ರೆ ಇಲ್ಲಿ ಇದು ಕತ್ತು ತಿರುಗಿಸುತ್ತೆ," ಎಂದ ಅವನು.

ಬಾಗಿಲಿಗೆ ಒರಗಿ ನಿಂತಿದ್ದ ಅಕ್ಕ ಕೇಳಿದಳು, "ಕಳ್ಳನ್ನ ಕಾಯೋಕಾ, ನನ್ನ ಕಾಯೋಕಾ?"

"ಇಬ್ಬರನ್ನೂ," ಎಂದು ತಮ್ಮ ಮೆಲ್ಲಗೆ ಜಾರಿಕೊಂಡ.

ಕೆಲವು ದಿನ ಕಳೆದಿರಬೇಕು. ಬೇಕರಿಯಲ್ಲಿ ಬನ್ನಿನ ತಟ್ಟೆಗಳನ್ನು ಒಲೆಗೆ ತಳ್ಳುತ್ತಿದ್ದಾಗ ಹಿತ್ತಲ ಕ್ಯಾಮೆರಾದ ಎಚ್ಚರಿಕೆಗೆ ಫೋನು ಗುರುಗುಟ್ಟಿತು. ಹಿಟ್ಟಿನ ಕೈಯಲ್ಲೇ ತೆರೆದು ನೋಡಿದರೆ, ಅಕ್ಕ ಹಿತ್ತಲಲ್ಲಿ ಏಣಿ ಎಳೆದುಕೊಂಡು ಬರುತ್ತಿದ್ದಾಳೆ! ಬಟ್ಟೆ ಒಣಹಾಕುವ ಹಗ್ಗ ಗೋಡೆಯ ಕೊಕ್ಕೆಯಿಂದ ಕಳಚಿ ಬಿದ್ದಿತ್ತು. ಕಟ್ಟಿಕೊಡುತ್ತೇನೆ ಎಂದು ಅವನು ಇವತ್ತು ನಾಳೆ ಅನ್ನುತ್ತಲೇ ಇದ್ದ.

ಕ್ಯಾಮೆರಾದ ಮೂಲಕ ಕೂಗೋಣವೆಂದು ಹೆಬ್ಬೆರಳು ಮೈಕಿನ ಗುರುತಿನವರೆಗೂ ಹೋಯಿತು, ಅಲ್ಲೇ ನಿಂತಿತು. ಅಷ್ಟರಲ್ಲಿ ಅವಳು ಮೊದಲ ಮೆಟ್ಟಿಲ ಮೇಲಿದ್ದಳು. ಬೆಚ್ಚಿಬಿದ್ದು ಕಾಲು ಜಾರಿದರೆ? ಅವನು ಉಸಿರು ಬಿಗಿಹಿಡಿದು, ಕ್ಯಾಮೆರಾವನ್ನು ಅವಳ ಹಿಂದೆಯೇ ಹೊರಳಿಸುತ್ತಾ ನೋಡಿದ.

ಅವಳು ಮತ್ತೆ ಕೆಳಗಿಳಿದಳು. ಬರಿಗಾಲಿನಿಂದ ಏಣಿಯ ಬುಡ ತಡವಿ, ಅಡ್ಡ ಸಿಕ್ಕಿದ್ದ ಕಲ್ಲನ್ನು ಒದ್ದು ಸರಿಸಿದಳು. ಗೋಡೆ ಸವರಿ ಕಿಟಕಿಯ ಅಂಚು ಹುಡುಕಿ, ಅಲ್ಲಿಂದ ಗೇಣು ಹಾಕಿ ಅಳೆದು, ಏಣಿಯನ್ನು ಕೊಂಚ ಪಕ್ಕಕ್ಕೆ ಒರಗಿಸಿದಳು. ಅಲುಗಾಡಿಸಿ ನೋಡಿದಳು. ಹಗ್ಗದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಹತ್ತತೊಡಗಿದಳು. ಮೇಲೆ ಅವಳ ಕೈ ಕೊಕ್ಕೆಗಾಗಿ ಗಾಳಿಯಲ್ಲಿ ಒಮ್ಮೆ ತಡಕಾಡಿತು. ಆತುರವಿಲ್ಲ. ಅಂಗೈ ಗೋಡೆಗೆ ಬಂತು, ಅಲ್ಲಿಂದ ಮೇಲೆ ಸರಿಯಿತು, ಸಿಕ್ಕಿತು. ಗಂಟು ಹಾಕಿ, ಹಗ್ಗವನ್ನು ಜಗ್ಗಿ ನೋಡಿ, ಹತ್ತಿದಷ್ಟೇ ನಿಧಾನವಾಗಿ ಇಳಿದಳು.

ತಮ್ಮ ಫೋನನ್ನು ಕಣ್ಣಿಗೆ ಇನ್ನಷ್ಟು ಹತ್ತಿರ ಹಿಡಿದ. ಎರಡು ವರ್ಷದಿಂದ ತಾನು ತೋಳು ಹಿಡಿದು ನಡೆಸಿದ್ದು ಈ ಹೆಂಗಸನ್ನೇ? ಅವನು ಕೆಲಸಕ್ಕೆ ಹೋದ ಹೊತ್ತಿನಲ್ಲೆಲ್ಲ ಒಬ್ಬಳೇ, ಯಾರಿಗೂ ಹೇಳದೆ, ಇಡೀ ಮನೆಯನ್ನು ಕೈಗೆ ಕಾಲಿಗೆ ಕಲಿಸಿಕೊಂಡಿದ್ದಳು.

ಅಕ್ಕ ಕೈ ಕೊಡವಿ, ನೇರ ಕ್ಯಾಮೆರಾದ ಕಡೆಗೇ ಮುಖ ತಿರುಗಿಸಿದಳು.

"ಉಸಿರು ಬಿಡೋ ಪುಟ್ಟಾ, ಇಳಿದಾಯ್ತು."

ಬನ್ನು ಕರಕಲಾದ ವಾಸನೆಗೆ ಮಾಲೀಕರು ಓಡಿಬಂದು ಕೂಗಾಡಿದರು. ಅವನ ಕಿವಿಗೆ ಒಂದೂ ಬೀಳಲಿಲ್ಲ.

ಮನೆಗೆ ಬಂದವನೇ ಕೇಳಿದ, "ನಾನು ನೋಡ್ತಿದ್ದದ್ದು ನಿಂಗೆ ಹೇಗೆ ಗೊತ್ತಾಯ್ತು?"

"ಅದು ಕತ್ತು ತಿರುಗಿಸುವಾಗ ಕಿರ್ ಅನ್ನುತ್ತೆ ಕಣೋ. ನಾನು ಹತ್ತಿದ್ರೆ ಅದೂ ಕಿರ್, ಇಳಿದ್ರೂ ಕಿರ್. ಪುಣ್ಯಕ್ಕೆ ನೀನು ಬಾಯಿ ಬಿಡಲಿಲ್ಲ."

"ಬಿದ್ದಿದ್ರೆ?"

"ಬಯ್ಯೋಕೆ ನೀನಿದ್ದೆಯಲ್ಲ. ನೋಡು, ಹಿತ್ತಲದು ಇರಲಿ, ಅಡುಗೆಮನೇದು ಕಿತ್ತುಹಾಕು. ಸಕ್ಕರೆ ಡಬ್ಬಕ್ಕೆ ಕೈ ಹಾಕೋಕೂ ನಾಚಿಕೆಯಾಗುತ್ತೆ."

ಅವನು ಅದನ್ನು ಆಗಲೇ ಕಿತ್ತ. ಆಮೇಲೆ ಹಿತ್ತಲಿಗೆ ಹೋಗಿ, ಕಣ್ಣು ಮುಚ್ಚಿಕೊಂಡು ಏಣಿ ಹತ್ತಿದ. ಮೂರನೆಯ ಮೆಟ್ಟಿಲಲ್ಲೇ ಏಣಿಯನ್ನು ತಬ್ಬಿಕೊಂಡು ನಿಂತುಬಿಟ್ಟ.

"ಕಣ್ಣು ಮುಚ್ಚಿದ್ದೀಯಾ?" ಕೆಳಗೆ ಅಕ್ಕನ ದನಿ.

"ಹೂಂ."

ಅವಳು ಬಂದು ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಅವಸರ ಮಾಡ್ಬೇಡ. ಮೊದಲು ಕಾಲಿಗೆ ಗೊತ್ತಾಗ್ಲಿ, ಆಮೇಲೆ ಭಾರ ಬಿಡು."

ಅವನು ಇನ್ನೊಂದು ಮೆಟ್ಟಿಲು ಹತ್ತಿದ.