ಇಂದುಬಾಯಿಯ ಜರ್ಮನ್ ಪುರಾಣ

ಪ್ರಾಜಕ್ತಾಳಿಗೆ ಜರ್ಮನ್ ಬರುತ್ತದೆ ಎಂದರೂ ಸುಳ್ಳಲ್ಲ, ಬರುವುದಿಲ್ಲ ಎಂದರೂ ಸುಳ್ಳಲ್ಲ. ಗೋಕುಳ ಶಿರಗಾಂವದ ಫೌಂಡ್ರಿ ಆಫೀಸಿನಲ್ಲಿ ಕೂತು ಜರ್ಮನಿಯ ಗಿರಾಕಿಗಳ ಮೇಲ್‌ಗೆ ಉತ್ತರ ಬರೆಯುವಳು. ಕೊಲ್ಹಾಪುರದ ಕ್ಲಾಸಿನಲ್ಲಿ ಮಧ್ಯಮ ಹಂತಕ್ಕೂ ಬಂದಿದ್ದಳು. ಆದರೆ ಯಾವ ಕಾದಂಬರಿ ಹಿಡಿದರೂ ಅದು ನಡುನೀರಿನಲ್ಲಿ ಕೈಬಿಡುತ್ತಿತ್ತು. ಮೊದಲನೆಯದು ದೊಡ್ಡ ಬಹುಮಾನ ಬಂದ ಪುಸ್ತಕ. ನಲವತ್ತು ಪುಟ ಕಳೆದರೂ ಅದರ ನಾಯಕ ರೈಲು ಹತ್ತಿರಲಿಲ್ಲ. ಎರಡನೆಯದು ಮಕ್ಕಳದು. ಅದರಲ್ಲಿ ಮಾತಾಡುವ ಮೊಲವೊಂದಿತ್ತು, ಅಷ್ಟಕ್ಕೇ ಅವಳಿಗೆ ಸಾಕಾಯಿತು. ಮೂರನೆಯದೂ ಅರ್ಧಕ್ಕೆ ನಿಂತರೆ ಕ್ಲಾಸನ್ನೇ ಬಿಡುವುದೆಂದು ತೀರ್ಮಾನಿಸಿದ್ದಳು.

ಆ ಮೂರನೆಯದು ಅಗ್ಗದ ಪುಸ್ತಕ. ಇಚಲಕರಂಜಿಗೆ ಮಗ್ಗ ಜೋಡಿಸಲು ಬಂದ ಜರ್ಮನ್ ಮೆಕ್ಯಾನಿಕ್ ಬಿಟ್ಟುಹೋದದ್ದು, ಗೆಳತಿ ರುಪಾಲಿ ತಂದುಕೊಟ್ಟಳು. ಅದರ ಕಥೆಯಲ್ಲಿ ಇಬ್ಬರು ಅಕ್ಕತಂಗಿಯರು, ಒಂದು ಮನೆ, ಕಾಣೆಯಾದ ಉಯಿಲು.

ಆಗ ಶ್ರಾವಣ. ಗಡಹಿಂಗ್ಲಜದ ಮನೆಯಲ್ಲಿ ಅಜ್ಜಿ ಇಂದುಬಾಯಿ ಮೊಣಕಾಲು ನೋವಿನಿಂದ ಮಠದ ಪುರಾಣಕ್ಕೆ ಹೋಗಲಾಗದೆ ಮುಖ ಗಂಟಿಕ್ಕಿಕೊಂಡಿದ್ದಳು.

"ನೀ ಓದೂದನ್ನರ ನನಗ ಹೇಳಬಾರದೇನ? ಒಂದ ಸಾಲ ಓದು, ಅರ್ಥ ಹೇಳು. ಮಠದಾಗ ಹಂಗ ಮಾಡ್ತಾರ."

ಪ್ರಾಜಕ್ತಾ ಡಿಕ್ಷನರಿ ತಿರುವುತ್ತ ಹೇಳತೊಡಗಿದಳು. ಅಜ್ಜಿ ಆಕಳಿಸಿದಳು.

"ಪುರಾಣಿಕರು ಹಿಂಗ ತಡವರಿಸಿದ್ರ ಮಂದಿ ಎದ್ದ ಹೋಕ್ಕಾರ. ದೊಡ್ಡಾಕಿ ಏನ ಮಾಡಿದ್ಲು, ಅದನ್ನ ಹೇಳು."

ಅಂದಿನಿಂದ ಡಿಕ್ಷನರಿ ಮೂಲೆ ಸೇರಿತು. ದಿನಾ ಊಟವಾದ ಮೇಲೆ ಪುರಾಣ ನಡೆಯಿತು. ಅಜ್ಜಿ ದೊಡ್ಡಾಕಿಯನ್ನು ಮನಸಾರೆ ಬೈದಳು.

ಒಂದು ಸಂಜೆ ಚಂದಗಡದ ಬಸ್ಸಿನಲ್ಲಿ ಮನೆಗೆ ಮರಳುವಾಗ, ರಾತ್ರಿಗೆಂದು ಎರಡು ಪುಟ ನೋಡಿಟ್ಟುಕೊಳ್ಳೋಣವೆಂದು ಅವಳು ಪುಸ್ತಕ ತೆರೆದಳು. ಕೊನೆಯ ಅಧ್ಯಾಯಗಳು. ದೊಡ್ಡಾಕಿ ಉಯಿಲನ್ನು ಒಲೆಗೆ ಹಾಕುವುದರಲ್ಲಿದ್ದಳು. ಪ್ರಾಜಕ್ತಾ ಪುಟ ತಿರುವುತ್ತ ತಿರುವುತ್ತ ಕೊನೆಯ ಸಾಲಿಗೆ ಬಂದಳು.

"ತಾಈ, ಚಂದಗಡ ಆಲಂ. ಉತರಾ," ಚಂದಗಡ ಬಂತು, ಇಳಿಯಿರಿ ಎಂದು ಮರಾಠಿಯಲ್ಲಿ ಹೇಳಿದ ಕಂಡಕ್ಟರ್.

ತಾನು ಇಳಿಯಬೇಕಿದ್ದ ಗಡಹಿಂಗ್ಲಜ ಯಾವಾಗ ದಾಟಿತೋ ಅವಳಿಗೆ ತಿಳಿಯದು. ಹೊರಗೆ ಮಳೆ ಜಡಿಯುತ್ತಿತ್ತು. ತಾನು ಓದುತ್ತಿದ್ದದ್ದು ಜರ್ಮನ್ ಎಂಬುದು ಆಗ ನೆನಪಾಗಿ, ಖುಷಿಗೆ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳೇ ನಕ್ಕಳು. ಮನೆಗೆ ಫೋನ್ ಮಾಡಿದಳು. ಎತ್ತಿದವಳು ಅಜ್ಜಿ.

"ಆಯಿ, ಚಂದಗಡಕ್ಕ ಬಂದೇನಿ. ಓದಕೋತ ಕೂತು ಊರ ದಾಟಿದ್ದ ಗೊತ್ತಾಗಲಿಲ್ಲ."



"ಎಷ್ಟ ಓದಿದಿ?"

"ಮುಗೀತು."

"ನನ್ನ ಬಿಟ್ಟು?" ಅಜ್ಜಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಹೊಳ್ಳಿ ಬಸ್ ಹಿಡದ ಬಾ. ನಿನ್ನಿ ಬಿಟ್ಟಲ್ಲಿಂದನ ಓದಬೇಕು. ಮನಿ ಯಾರಿಗೆ ಹೋತು ಅಂತ ಈಗ ಹೇಳಬ್ಯಾಡ."