ಅರ್ಧ ಡಾಕ್ಟರಮ್ಮನ ಮಾತ್ರೆ

ಔಷಧಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ನಿಂತು ಮಾತ್ರೆ ಕೊಟ್ಟವಳಿಗೆ ಜನ ‘ಅರ್ಧ ಡಾಕ್ಟರಮ್ಮ’ ಎಂದು ಹೆಸರಿಟ್ಟಿದ್ದರು. ಆ ಹೆಸರು ಕಿವಿಗೆ ಬಿದ್ದರೆ ಅವಳು ಒಳಗೊಳಗೇ ಉಬ್ಬುತ್ತಿದ್ದಳು. ಉಳಿದರ್ಧ ತನಗೆ ಗೊತ್ತಿಲ್ಲವೆಂದು ಒಮ್ಮೆಯಾದರೂ ಹೊಳೆದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಎದುರು ಸಾಲಿನಲ್ಲೇ ಅವಳ ತಮ್ಮನ ಇಸ್ತ್ರಿ ಅಂಗಡಿ. ಬಟ್ಟೆಗೆ ಚೀಟಿಯಿಲ್ಲ, ಗುರುತಿಲ್ಲ; ನೂರು ಮನೆಯ ಅಂಗಿಗಳೂ ಅವನಿಗೆ ಬಾಯಿಪಾಠ. “ಈ ಸವೆದ ಕಾಲರ್ ವಕೀಲರದ್ದು. ಹೆಂಡತಿ ಬಂದ್ರಾ ಅಂತ ತಿರುಗಿ ತಿರುಗಿ ನೋಡ್ತಾರೆ” ಎಂದು ಗಿರಾಕಿಗಳನ್ನು ನಗಿಸುತ್ತಿದ್ದ.

ಎಂಟು ವರ್ಷದ ಹಿಂದೆ ಅವನು ಎದೆಯುರಿ, ಹುಳಿತೇಗು ಎಂದು ಬಂದಾಗ ಅಕ್ಕ ನಿಂತಲ್ಲೇ ತೀರ್ಪು ಕೊಟ್ಟಳು. “ಡಾಕ್ಟರ ಹತ್ರ ಯಾಕೋ, ನಾನಿಲ್ವಾ? ಮೊಟ್ಟೆ, ಮಾಂಸ, ಹಾಲು ಎಲ್ಲಾ ಬಿಡು. ದಿನಾ ಬೆಳಗ್ಗೆ ಬಂದು ಈ ಮಾತ್ರೆ ನುಂಗು.” ಉರಿ ಹೋಯಿತು, ಮಾತ್ರೆ ಮಾತ್ರ ನಿಲ್ಲಲಿಲ್ಲ. ಬೇರೆಯವರು ಎರಡನೇ ತಿಂಗಳು ಅದೇ ಮಾತ್ರೆ ಕೇಳಿದರೆ “ಡಾಕ್ಟರ ಚೀಟಿ ತನ್ನಿ” ಎಂದು ಗದರುತ್ತಿದ್ದವಳು, ತಮ್ಮನಿಗೆ ಎಂಟು ವರ್ಷ ಕೈಯಾರೆ ಕೊಟ್ಟಳು.

ಈ ವರ್ಷ ವಕೀಲರ ಅಂಗಿ ಮೇಷ್ಟ್ರ ಮನೆಗೆ ಹೋಯಿತು, ನರ್ಸಮ್ಮನ ಸಮವಸ್ತ್ರ ಎಲ್ಲಿಗೋ ಹೋಯಿತು. ಅವನ ಬೆರಳು ಜೋಮು ಹಿಡಿಯುತ್ತಿತ್ತು. ನಿನ್ನೆ ಆಡಿದ ಮಾತು ಇಂದಿಗಿಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಕೊಂಡರು. “ಗಮನ ಎಲ್ಲಿಟ್ಟಿದ್ದೀಯೋ? ಆಗದಿದ್ರೆ ಬಾಗಿಲು ಹಾಕು!” ಎಂದು ಅಕ್ಕ ನಾಲ್ಕು ಜನರೆದುರು ರೇಗಿದಳು. ಅವನು ತಲೆ ತಗ್ಗಿಸಿ ನಿಂತ.

ಕೊನೆಗೆ ಅವಳೇ ಡಾಕ್ಟರ ಹತ್ತಿರ ಕರೆದೊಯ್ದಳು. ದಿನಾ ಏನು ತಿಂತೀರಿ, ಯಾವ ಮಾತ್ರೆ ಎಂದು ಅವರು ಕೇಳಿದರೆ, “ಎಲ್ಲಾ ನಮ್ಮಕ್ಕನೇ ನೋಡ್ಕೋತಾಳೆ” ಎಂದು ಅವನು ಹೆಮ್ಮೆಯಿಂದ ಅವಳತ್ತ ಕೈ ತೋರಿಸಿದ. ಅವಳು ಪಥ್ಯ, ಮಾತ್ರೆ ಎರಡನ್ನೂ ಹೇಳಿದಳು. ರಕ್ತದ ವರದಿ ಬಂದಾಗ ಡಾಕ್ಟರು ಅವಳೊಬ್ಬಳನ್ನೇ ಒಳಗೆ ಕರೆದರು.

“ಬಿ ಟ್ವೆಲ್ವ್ ವಿಟಮಿನ್ ತಳ ಕಂಡಿದೆ. ಮರೆವು, ಜೋಮು ಎಲ್ಲಾ ಅದರಿಂದಲೇ. ಅದು ಸಿಗೋದೇ ಮೊಟ್ಟೆ, ಮಾಂಸ, ಹಾಲಿನಲ್ಲಿ, ಅದನ್ನ ಬಿಡಿಸಿದ್ದೀರಿ. ಅಷ್ಟಿಷ್ಟು ಸಿಕ್ಕಿದ್ದನ್ನೂ ಹೊಟ್ಟೆಯ ಹುಳಿ ತಗ್ಗಿಸೋ ಈ ಮಾತ್ರೆ ಮೈಗೆ ಹತ್ತೋಕೆ ಬಿಟ್ಟಿಲ್ಲ. ನಿಲ್ಲಿಸಿ. ಇಂಜೆಕ್ಷನ್ ಕೊಡೋಣ, ನೆನಪು ಎಷ್ಟು ವಾಪಸ್ ಬರುತ್ತೋ ನೋಡೋಣ.”

ಅವಳು ಬಾಯಿ ಮುಚ್ಚಿಕೊಂಡಿದ್ದರೆ ಮನೆಯವರಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಅವನ ಮುಖ ನೋಡಿದರೆ ಅವಳಿಗೆ ಅನ್ನ ಇಳಿಯಲಿಲ್ಲ. ಮರುದಿನ ಇಸ್ತ್ರಿ ಮೇಜಿನ ಮುಂದೆ ನಿಂತು ಎಲ್ಲ ಹೇಳಿಬಿಟ್ಟಳು.

ಅವನು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದ. “ಊರಿಗೆಲ್ಲಾ ಚೀಟಿ ಕೇಳ್ತೀಯ. ನನ್ನನ್ನ ಯಾಕೆ ಕೇಳಲಿಲ್ಲ?” ಹತ್ತಿರ ಬಂದ ಅವಳ ಕೈಯನ್ನು ಕೊಡವಿದ. “ಹೋಗು. ಇನ್ನು ನಿನ್ನ ಮುಖ ನೋಡಲ್ಲ.”

ಮರುದಿನ ಬೆಳಗ್ಗೆ ಅವನು ಎಲ್ಲ ಮರೆತು ನಗುನಗುತ್ತ ಬಂದ. “ಅಕ್ಕಾ, ನನ್ನ ಮಾತ್ರೆ ಕೊಡು.”

ಬಚಾವಾದೆ ಎನಿಸಿತು ಅವಳಿಗೆ. ಹಾಗೆನಿಸಿದ್ದಕ್ಕೇ ತನ್ನ ಮೇಲೆ ಹೇಸಿಗೆಯಾಯಿತು. ಮತ್ತೆ ಹೇಳಿದಳು. ಮತ್ತೆ ಅದೇ ಸಿಟ್ಟು, ಅದೇ ಪ್ರಶ್ನೆ. ಮೂರನೆಯ ದಿನವೂ ಅಷ್ಟೇ. ನಾಲ್ಕನೆಯ ದಿನ ಸೋತು, ಮಾತಾಡದೆ ಒಂದು ವಿಟಮಿನ್ ಮಾತ್ರೆ ಕೈಗಿಟ್ಟಳು. ಅವನು ಏನೋ ತಮಾಷೆ ಮಾಡಿದ, ಅವಳೂ ನಕ್ಕಳು. ಐದನೆಯ ದಿನದಿಂದ ಮಾತ್ರ ತನ್ನ ತಪ್ಪು ಹೇಳುವುದನ್ನು ಒಂದು ದಿನವೂ ತಪ್ಪಿಸಲಿಲ್ಲ.

ತಮ್ಮನ ಹೆಂಡತಿ ಇಂಜೆಕ್ಷನ್ ಹಾಕಿಸುತ್ತಿದ್ದಳು, ಮೊಟ್ಟೆ ಬೇಯಿಸಿ ಕೊಡುತ್ತಿದ್ದಳು. ನೆನಪು ಮರಳಿದ ದಿನ ತಮ್ಮ ತನ್ನ ಮುಖ ನೋಡುವುದಿಲ್ಲ ಎಂದು ಅಕ್ಕನಿಗೆ ಗೊತ್ತಿತ್ತು. ಆದರೂ ಪ್ರತಿ ವಾರ ಇಂಜೆಕ್ಷನ್‌ ತಪ್ಪದಂತೆ ಅವಳೇ ಫೋನ್ ಮಾಡಿ ನೆನಪಿಸುತ್ತಿದ್ದಳು.

ಆರನೆಯ ವಾರದ ಒಂದು ಬೆಳಗ್ಗೆ ಅವನು ಅಂಗಡಿ ತೆರೆದ. ಮೇಷ್ಟ್ರು ಬಂದು ಕೈ ಚಾಚುವ ಮೊದಲೇ ಗಂಟಿನಿಂದ ಅವರದೇ ಅಂಗಿ ಎಳೆದು ಕೊಟ್ಟ. ಆಮೇಲೆ ತಲೆಯೆತ್ತಿ ರಸ್ತೆಯಾಚೆ ಅಕ್ಕನನ್ನು ನೋಡಿದ. ಸುಮ್ಮನೆ ಬೆನ್ನು ತಿರುಗಿಸಿ ಕೆಲಸಕ್ಕೆ ನಿಂತ. ಮಾತ್ರೆ ಕೇಳಲು ಅಂದು ಬರಲಿಲ್ಲ, ಮರುದಿನವೂ ಬರಲಿಲ್ಲ.

ಕೆಮ್ಮಿನ ಔಷಧಿಗೆ ಬಂದ ಮುದುಕಿ ಅವಳ ಮುಖ ನೋಡಿ ಗಾಬರಿಯಾದಳು. “ಯಾಕಮ್ಮಾ ಅಳ್ತಿದ್ದೀಯ? ಏನಾಯ್ತು?”

“ನನ್ನ ತಮ್ಮ ಹುಷಾರಾದ” ಎಂದಳು ಅವಳು.